ಸೀಸನ್ ಮುಗೀತು, ಹಾಡು ಯಾರದು?

ಆಡಿಷನ್ ಅಂತ ಬೆಂಗಳೂರಿಗೆ ಹೊಂಟ ಸಾಂಗ್ಲಿವಾಡಿ, ಮಿರಜ, ಜತ್ತ ಕಡೆಯ ತಮ್ಮ ತಂಗಿಯರೇ, ಹೋಗ್ರಿ. ಖಂಡಿತ ಹೋಗ್ರಿ. ಆದರೆ ರೈಲು ಹತ್ತೂ ಮೊದಲು ಒಂದು ಮಾತು.

ಹನುಮಂತ ನೆನಪಿದ್ದಾನಲ್ಲ? ಹಾವೇರಿ ಜಿಲ್ಲೆಯ ಚಿಲ್ಲೂರ ಬಡ್ನಿ ತಾಂಡಾದ ಕುರಿ ಕಾಯೋ ಹುಡುಗ. ಸರಿಗಮಪ 15ನೇ ಸೀಸನ್‌ನಲ್ಲಿ ಜವಾರಿ ದನಿಯಲ್ಲಿ ಹಾಡಿ 2019ರಲ್ಲಿ ರನ್ನರ್ ಅಪ್ ಆದ. ಮತ್ತ ಬಿಗ್ ಬಾಸ್ 11ನೇ ಸೀಸನ್ ಗೆದ್ದದ್ದು 2025ರ ಜನವರಿಯಲ್ಲಿ. ನಡುವೆ ಸುಮಾರು ಆರು ವರ್ಷ! ಟಿವಿ ಸೀಸನ್ ಅಂದ್ರ ಕೆಲವೇ ತಿಂಗಳು. ಹೊಟ್ಟೆಪಾಡು ನಡೀಬೇಕಾದ್ದು ಆ ನಡುವಿನ ವರ್ಷಗಳಲ್ಲಿ. ಅದಕ್ಕ ಜಾತ್ರಿ ಸ್ಟೇಜು ಬೇಕು, ಜನ ಕೇಳಿ ಹಾಡಿಸೋ ಹಾಡು ಬೇಕು.

ಟಿವಿಯಲ್ಲಿ ನಾವು ಹಾಡೋದು ಹೆಚ್ಚಾಗಿ ಬೇರೆಯವರ ಹಾಡು. ವಿಡಿಯೋ ಇರೋದು ಚಾನೆಲ್ಲಿನ ಖಾತೆಯಲ್ಲಿ. ನಮಗ ಉಳಿಯೋದು ಹೆಸರು. ಹೆಸರು ಸಣ್ಣದಲ್ಲ, ಒಪ್ಪತೀನಿ. ಆದರೆ ಮುಂದಿನ ಸೀಸನ್ ಬಂದ್ರ ಹೊಸ ಹೆಸರು ಬರ್ತಾವ.

ಈಗ ಮಾಳು ನಿಪನಾಳ ಅವರನ್ನ ನೋಡ್ರಿ. ರಾಯಬಾಗ ತಾಲೂಕಿನವರು, ಅಂದ್ರ ಮಿರಜದಿಂದ ಬೆಳಗಾವಿ ರೈಲು ಹತ್ತಿದ್ರ ದಾರಿಯಲ್ಲೇ ಸಿಗೋ ಸೀಮೆ. ಅವರ ‘ನಾ ಡ್ರೈವರಾ’ ಮೊದಲು ಯೂಟ್ಯೂಬ್‌ನಲ್ಲಿ ಹಬ್ಬಿತು, ಡಿಜೆಗಳಲ್ಲಿ ಕುಣಿಸಿತು. 2025ರಲ್ಲಿ ಬಿಗ್ ಬಾಸ್ 12ಕ್ಕೆ ಹೋದದ್ದು ಆಮೇಲೆ. ಹಾಡು ಎಲ್ಲರಿಗೂ ರುಚಿಸಬೇಕಂತಿಲ್ಲ, ನನಗೂ ಎಲ್ಲ ಡಿಜೆ ಹಾಡು ಹಿಡಸೂದಿಲ್ಲ. ಆದರೆ ಟಿವಿ ಬಾಗಿಲಿಗೆ ಅವರು ಹೋದದ್ದು ತಮ್ಮ ಹಾಡು ಹೊತ್ತುಕೊಂಡು, ಅದೂ ನಾವು ಮನ್ಯಾಗ ಆಡೋ ಮಾತಿನಾಗ.

ನಮ್ಮ ಮಂದಿಗೆ ಒಂದು ಹಳೇ ಅಂಜಿಕೆ ಐತಿ: ಗಡಿ ಈಚೆ ಕನ್ನಡ ಹಾಡಿದ್ರ ಯಾರು ಕೇಳ್ತಾರ? ಕುಂದಗೋಳದ ರಾಮಭಾವು ಅಬ್ದುಲ್ ಕರೀಂ ಖಾನರ ಹತ್ರ ಕಲಿತು ಮರಾಠಿ ರಂಗಭೂಮಿಯಲ್ಲಿ ಹಾಡಿ, ನಟಿಸಿ ‘ಸವಾಯಿ ಗಂಧರ್ವ’ ಆದರು. ನಮಗದು ಹೆಮ್ಮೆ. ಆ ಕಾಲದಾಗ ದೊಡ್ಡ ಸ್ಟೇಜು ಇದ್ದದ್ದು ಮರಾಠಿ ಕಂಪನಿಗಳಲ್ಲಿ. ಈಗ ಫೋನೇ ಸ್ಟೇಜು. ಮರಾಠಿ ಹಾಡೂ ಹಾಡ್ರಿ, ಯಾರು ಬ್ಯಾಡಂದಾರ? ಕನ್ನಡ ಮಾತ್ರ ಅಡಗಿಸಿಡಬ್ಯಾಡ್ರಿ.

ಇನ್ನ ದುಡ್ಡಿನ ಮಾತು. ಊರ ಸ್ಟುಡಿಯೋದಾಗ ರೆಕಾರ್ಡ್ ಮಾಡಿಸಿ, ಒಂದಿಷ್ಟು ಕೈಗೆ ಬಂತು ಅಂತ ಹಾಡನ್ನ ಬಾಯಿಮಾತಿನಲ್ಲೇ ಕೊಟ್ಟು ಬರೋರು ಬಹಳ. ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರ 5 ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೂ ರಾಯಲ್ಟಿ ಹಕ್ಕು ಐತಿ. ಟಿವಿಯವರು ಕಾಗದ ಕೊಟ್ಟರೂ ಅಷ್ಟೇ: ಶೋ ಮುಗಿದ ಮ್ಯಾಲೆ ಎಷ್ಟು ತಿಂಗಳು ಬೇರೆ ಕಡೆ ಹಾಡಂಗಿಲ್ಲ ಅನ್ನೋ ಸಾಲು ಇದೆಯಾ ಅಂತ ಹುಡುಕ್ರಿ. ಇಂಗ್ಲಿಷ್ ತಿಳೀದಿದ್ರ ವಕೀಲರ ಹತ್ರ ಓದಿಸ್ರಿ. ಸಹಿ ಆಮೇಲೆ.

ಜತ್ತ ಸೀಮೆಯ ಮಾತಿನಾಗ ಬರೆದ ಹೊಸ ಹಾಡು ಈ ವರ್ಷ ಯಾವ ಜಾತ್ರಿಯೊಳಗ ಮೊದಲು ಕೇಳ್ತದೋ ಹೇಳ್ರಿ. ಮುಂದಿನ ಸಾಲಿನ್ಯಾಗ ನನಗೊಂದು ಜಾಗ ಹಿಡೀರಿ.