ಹಾಲು ಅಂದರೆ ಹಲೋ ಅಲ್ಲ

ಪೋಷಕರ ಪುಟ, ಡಿಸೆಂಬರ್ ಸಂಚಿಕೆ



ಕ್ರಿಸ್‌ಮಸ್ ರಜೆ ಮುಗಿದ ಕೂಡಲೇ ನಮ್ಮಲ್ಲಿ ಕೆಲವು ಮನೆಗಳ ಪುಟಾಣಿಗಳು ಮೊದಲ ಬಾರಿಗೆ ನರ್ಸರಿಗೆ ಹೊರಡಲಿದ್ದಾರೆ. ನಿಮ್ಮ ಇಮೇಲ್‌ಗೆ ಈಗಾಗಲೇ ನರ್ಸರಿಯ ನಿಯಮಗಳ ಕೈಪಿಡಿ ಬಂದಿರಬಹುದು. ಅದರ ಜೊತೆಗೆ ನೀವು ತುಂಬಿ ಕಳಿಸಬೇಕಾದ ಉದ್ದನೆಯ ಫಾರಂ ಕೂಡ ಇರುತ್ತದೆ. ಕೆಲಸದ ಗಡಿಬಿಡಿಯಲ್ಲಿ ನಾವು ಬಹಳಷ್ಟು ಮಂದಿ ಕೈಪಿಡಿಯನ್ನು ಓದದೆ ಸಹಿ ಹಾಕುತ್ತೇವೆ, ಫಾರಂನಲ್ಲಿ ಅರ್ಧ ಜಾಗ ಖಾಲಿ ಬಿಡುತ್ತೇವೆ. ಈ ತಿಂಗಳು ಆ ಖಾಲಿ ಜಾಗದ ಬಗ್ಗೆ ಮಾತಾಡೋಣ.

ಎರಡು ವರ್ಷದ ಕನ್ನಡದ ಮಗುವೊಂದು ನರ್ಸರಿಯಲ್ಲಿ ಕೈ ಚಾಚಿ “ಹಾಲು” ಅನ್ನುತ್ತದೆ ಅಂದುಕೊಳ್ಳಿ. ಅಲ್ಲಿನ ಟೀಚರ್ ಪ್ರೀತಿಯಿಂದ “ಹಲೋ!” ಅನ್ನುತ್ತಾರೆ. ಮಗು ಮತ್ತೆ “ಹಾಲು” ಅನ್ನುತ್ತದೆ, ಅವರು ಮತ್ತೆ ನಗುತ್ತಾ “ಹಲೋ!” ಮಧ್ಯಾಹ್ನ ಅದೇ ಮಗು ಕಿವಿ ಮುಟ್ಟಿಕೊಂಡು “ನೋವು, ನೋವು” ಅಂದರೆ ಅವರಿಗೆ ಕೇಳಿಸುವುದು “ನೋ, ನೋ.” ಸರಿ, ಮಗುವಿಗೆ ಏನೋ ಬೇಡವಂತೆ ಅಂದುಕೊಳ್ಳುತ್ತಾರೆ. ಹಸಿವಾಗಿ “ಮಮ್ಮು” ಕೇಳಿದರೆ “ಮಮ್ಮಿ ಈಗ ಬರ್ತಾಳೆ” ಅಂತ ಸಮಾಧಾನ ಮಾಡುತ್ತಾರೆ. ಇದರಲ್ಲಿ ಟೀಚರ್ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಮಗು ಸರಿಯಾಗಿಯೇ ಮಾತಾಡಿದೆ. ಆ ಮಾತಿನ ಅರ್ಥವನ್ನು ಅವರಿಗೆ ಮೊದಲೇ ಹೇಳಿ ಕೊಡಬೇಕಾದವರು ನಾವು.

ನಮ್ಮೂರಿನಲ್ಲಿ ಈ ಸಮಸ್ಯೆ ಅಷ್ಟಾಗಿ ಇರಲಿಲ್ಲ. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂಗನವಾಡಿ ಟೀಚರ್ ಸಾಮಾನ್ಯವಾಗಿ ಅದೇ ಊರಿನವರು. ಮಗುವಿನ ಮನೆಯೂ ಗೊತ್ತು, ಮನೆಯ ಮಾತೂ ಗೊತ್ತು, ಅಜ್ಜಿಯ ಹೆಸರೂ ಗೊತ್ತು. ಬರ್ಮಿಂಗ್‌ಹ್ಯಾಮ್‌ನಲ್ಲೋ ಲೀಡ್ಸ್‌ನಲ್ಲೋ ಟೀಚರ್‌ಗೆ ಇದು ಯಾವುದೂ ಗೊತ್ತಿರುವುದಿಲ್ಲ. ಅವರಿಗೆ ಸಿಗುವುದು ನಾವು ತುಂಬಿಕೊಟ್ಟ ಫಾರಂ ಮಾತ್ರ.

ಅವರು ಬರೆದಿಟ್ಟ ಸಾಲುಗಳು

ಮೊದಲು ಕೈಪಿಡಿಯ ನಿಯಮಗಳನ್ನು ನೋಡೋಣ. ಇಂಗ್ಲೆಂಡಿನ ನರ್ಸರಿಗಳೂ ಚೈಲ್ಡ್‌ಮೈಂಡರ್‌ಗಳೂ ‘ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್’ ಎಂಬ ಕಾನೂನಿನ ಚೌಕಟ್ಟನ್ನು ಪಾಲಿಸಬೇಕು. 2008ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಇದು ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಇದನ್ನು ಪಾಲಿಸುತ್ತಾರೋ ಇಲ್ಲವೋ ಅಂತ ಆಫ್‌ಸ್ಟೆಡ್ ಬಂದು ನೋಡುತ್ತದೆ.

ಸಂಜೆ ತಡವಾಗಿ ಹೋದರೆ ದಂಡ ಯಾಕೆ ಹಾಕುತ್ತಾರೆ? ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು, ಮೂರು ದಾಟಿದ ಎಂಟು ಮಕ್ಕಳಿಗೆ ಒಬ್ಬರು ಇರಲೇಬೇಕೆಂಬುದು ನಿಯಮ. ಅರ್ಹತೆ ಪಡೆದ ಶಿಕ್ಷಕರು ಜೊತೆಗಿದ್ದರೆ ಈ ಎಂಟು ಹದಿಮೂರಾಗಬಹುದು. ನಾವು ಎಂ6 ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನಮ್ಮ ಮಗುವಿಗಾಗಿ ಯಾರಾದರೂ ಮನೆಗೆ ಹೋಗದೆ ಉಳಿಯಬೇಕು. ತಡವಾಗುವುದು ಗೊತ್ತಾದ ಕೂಡಲೇ ಫೋನ್ ಮಾಡಿ.

ವಾಂತಿ, ಭೇದಿ ಆದರೆ ಅದು ನಿಂತ ಮೇಲೆ 48 ಗಂಟೆ ಮಗು ಮನೆಯಲ್ಲೇ ಇರಬೇಕು. ಸಿಡುಬಿನಂಥ ಗುಳ್ಳೆಗಳ ಚಿಕನ್‌ಪಾಕ್ಸ್ ಬಂದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಕಳಿಸುವಂತಿಲ್ಲ. ಜ್ವರವಿದ್ದ ಮಗುವಿಗೆ ಬೆಳಿಗ್ಗೆ ಕ್ಯಾಲ್‌ಪಾಲ್ ಕುಡಿಸಿ ಏನೂ ಹೇಳದೆ ಬಿಟ್ಟು ಬರಬೇಡಿ. ಔಷಧಿಯ ಪ್ರಭಾವ ಇಳಿದಾಗ ಮಗು ನರಳುತ್ತದೆ. ಎಷ್ಟು ಹೊತ್ತಿಗೆ ಕೊಟ್ಟಿದ್ದೀರೆಂದು ಗೊತ್ತಿಲ್ಲದೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನರ್ಸರಿಯವರು ಔಷಧಿ ಕೊಡಬೇಕಾದರೆ ಆಯಾ ಔಷಧಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕೇ ಬೇಕು.

ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರಲ್ಲ ಅಂತ ಊರಿನಿಂದ ಬಂದ ಅಜ್ಜಿಯರಿಗೆ ಆತಂಕ. ಪ್ರತಿದಿನ ಹೊರಗಿನ ಆಟಕ್ಕೆ ಅವಕಾಶವಿರಬೇಕು ಎನ್ನುವುದೂ ನಿಯಮವೇ. ಇದರ ಬೇರು ನಮ್ಮ ಪಕ್ಕದಲ್ಲೇ, ಬ್ರಾಡ್‌ಫರ್ಡ್‌ನಲ್ಲಿದೆ. 1894ರಲ್ಲಿ ಅಲ್ಲಿನ ಸ್ಕೂಲ್ ಬೋರ್ಡಿಗೆ ಆಯ್ಕೆಯಾದ ಮಾರ್ಗರೆಟ್ ಮ್ಯಾಕ್‌ಮಿಲನ್, ಗಿರಣಿ ಕಾರ್ಮಿಕರ ಮಕ್ಕಳು ಹಸಿದು, ಕೊಳೆಯಾಗಿ ಶಾಲೆಗೆ ಬರುವುದನ್ನು ಕಂಡರು. ಮೊದಲು ಸ್ನಾನ, ಊಟ, ಗಾಳಿ, ಬೆಳಕು, ಆಮೇಲೆ ಪಾಠ ಎನ್ನುವುದು ಅವರ ವಾದ. 1914ರಲ್ಲಿ ಅವರೂ ಅಕ್ಕ ರೇಚಲ್ ಅವರೂ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಬಯಲು ನರ್ಸರಿಯನ್ನೇ ತೆರೆದರು. ಹಾಗಾಗಿ ವೆಲ್ಲಿ ಬೂಟು, ಮಳೆಯಂಗಿ, ಎರಡು ಜೊತೆ ಬದಲಿ ಬಟ್ಟೆ ಚೀಲದಲ್ಲಿರಲಿ. ಎಲ್ಲದರ ಮೇಲೂ ಹೆಸರಿರಲಿ. ಬಿಳಿ ಫ್ರಾಕ್ ಮನೆಯಲ್ಲೇ ಇರಲಿ.

ದಿನಚರಿಯಲ್ಲಿ ಒಂದು ಪದದ ಬಗ್ಗೆ ಎಚ್ಚರ. ಇಲ್ಲಿ ‘ಟೀ’ ಅಂದರೆ ನಮ್ಮ ಚಹಾ ಅಲ್ಲ, ಸಂಜೆಯ ಊಟ. ನರ್ಸರಿಯಲ್ಲಿ ಅದು ಸಾಮಾನ್ಯವಾಗಿ ನಾಲ್ಕು ಗಂಟೆಯ ಹೊತ್ತಿಗೇ ಆಗಿರುತ್ತದೆ. ಆರಕ್ಕೆ ಮನೆಗೆ ಬಂದ ಮಗು ಅನ್ನ ಸಾರು ಬೇಡ ಎಂದರೆ ಗಾಬರಿಯಾಗಬೇಡಿ. ಅವತ್ತು ಏನು ತಿಂದಿತು, ಎಷ್ಟು ಹೊತ್ತು ಮಲಗಿತು ಅಂತ ನರ್ಸರಿಯ ಆ್ಯಪ್‌ನಲ್ಲಿ ನೋಡಿ, ಇಲ್ಲವೇ ಕರೆತರುವಾಗ ಕೇಳಿ.

ದುಡ್ಡಿನ ಮಾತನ್ನೂ ಆಡಿಬಿಡೋಣ. ಮೂರು ವರ್ಷ ತುಂಬಿದ ನಂತರದ ಟರ್ಮ್‌ನಿಂದ ವಾರಕ್ಕೆ 15 ಗಂಟೆಯ ಉಚಿತ ಸೌಲಭ್ಯ ಎಲ್ಲ ಮಕ್ಕಳಿಗೂ ಇದೆ. ಅದಕ್ಕೆ ವೀಸಾ ಅಡ್ಡಿಯಿಲ್ಲ. ಒಂಬತ್ತು ತಿಂಗಳಿನಿಂದ ಸಿಗುವ 30 ಗಂಟೆಯದು ಬೇರೆ. ಅದಕ್ಕೆ ತಂದೆತಾಯಿ ಇಬ್ಬರೂ ದುಡಿಯುತ್ತಿರಬೇಕು, ಇಬ್ಬರಲ್ಲಿ ಯಾರ ಆದಾಯವೂ 1,00,000 ಪೌಂಡ್ ದಾಟಿರಬಾರದು. ಜೊತೆಗೆ ಒಬ್ಬರಿಗಾದರೂ ಬ್ರಿಟಿಷ್ ಅಥವಾ ಐರಿಶ್ ಪೌರತ್ವವೋ, ಸೆಟಲ್ಡ್ ಅಥವಾ ಪ್ರೀ-ಸೆಟಲ್ಡ್ ಸ್ಥಾನಮಾನವೋ, ಸರ್ಕಾರಿ ನೆರವು ಪಡೆಯಲು ಅನುಮತಿಯೋ ಇರಬೇಕು. ಇಬ್ಬರೂ ಕೆಲಸದ ವೀಸಾದಲ್ಲಿರುವವರು ಮನೆ ಬಜೆಟ್ ಹಾಕುವ ಮೊದಲು ವೀಸಾದ ಷರತ್ತನ್ನು ಓದಿಕೊಳ್ಳಿ. ಅರ್ಹರಾದವರು ಜನವರಿ ಟರ್ಮ್‌ಗೆ ಡಿಸೆಂಬರ್ 31ರೊಳಗೆ ಕೋಡ್ ಪಡೆದಿರಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಅದನ್ನು ಖಚಿತಪಡಿಸಬೇಕು. ಈ ಗಂಟೆಗಳ ಲೆಕ್ಕ ವರ್ಷಕ್ಕೆ 38 ವಾರಗಳದ್ದು. ವರ್ಷಪೂರ್ತಿ ತೆರೆದಿರುವ ನರ್ಸರಿ ಅದನ್ನೇ ಹಂಚಿ ಕೊಟ್ಟಾಗ ವಾರಕ್ಕೆ 15 ಗಂಟೆ ಸುಮಾರು 11 ಆಗುತ್ತದೆ. ಇದು ಮೋಸವಲ್ಲ, ಭಾಗಾಕಾರ.

ನಾವು ತುಂಬಬೇಕಾದ ಸಾಲುಗಳು

ಈಗ ಫಾರಂಗೆ ಬರೋಣ. ಇಲ್ಲಿ ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು.

ಊಟ: ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಇಲ್ಲಿ ಮೊಟ್ಟೆ ಅದರೊಳಗೆ ಸೇರಿತು. ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಇವುಗಳಲ್ಲಿ ಯಾವುದು ಬೇಡ ಎಂಬುದನ್ನು ಒಂದೊಂದಾಗಿ ಬರೆಯಿರಿ. ಅಲರ್ಜಿ ಇದ್ದರೆ ಮನೆಯ ಅಡುಗೆಯನ್ನು ನೆನೆದು ಬರೆಯಿರಿ. ಇಲ್ಲಿನ ಕಾನೂನು ಗುರುತಿಸಿದ 14 ಅಲರ್ಜಿ ಪದಾರ್ಥಗಳಲ್ಲಿ ನಮ್ಮ ಕಡಲೆಕಾಯಿ, ಎಳ್ಳು, ಸಾಸಿವೆ ಮೂರೂ ಇವೆ. ಅಂದರೆ ಸಂಕ್ರಾಂತಿಗೆ ಎಲ್ಲರಿಗೂ ಹಂಚೋಣವೆಂದು ಎಳ್ಳುಬೆಲ್ಲದ ಪೊಟ್ಟಣ ಕಳಿಸಬೇಡಿ. ಮಕ್ಕಳ ಕೈಗೆ ಒಂದೊಂದು ಪೇಪರ್ ಗಾಳಿಪಟ ಕೊಡಿ, ಹಬ್ಬದ ಕಥೆ ಹೇಳಿ. ಬುತ್ತಿಯಲ್ಲಿ ದ್ರಾಕ್ಷಿ ಹಾಕುವಾಗ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಮಕ್ಕಳು ತಿನ್ನುವಷ್ಟು ಹೊತ್ತೂ ಸಿಬ್ಬಂದಿಗೆ ಕಾಣುವಂತೆ, ಕೇಳುವಂತೆ ಇರಬೇಕು ಅನ್ನುವಷ್ಟು ಕಟ್ಟುನಿಟ್ಟು ನಿಯಮ ಈಗ ಇದೆ.

ಮೈಮೇಲಿನ ಗುರುತು: ನಮ್ಮ ಮಕ್ಕಳಲ್ಲಿ ಹಲವರಿಗೆ ಹುಟ್ಟುವಾಗಲೇ ಬೆನ್ನಿನ ಬುಡದಲ್ಲಿ ನೀಲಿ-ಬೂದು ಬಣ್ಣದ ಮಚ್ಚೆ ಇರುತ್ತದೆ. ನೋವಿಲ್ಲದ, ದೊಡ್ಡವರಾಗುತ್ತಾ ಮಾಸುವ ಮಚ್ಚೆ ಅದು. ಆದರೆ ನೋಡದವರ ಕಣ್ಣಿಗೆ ಪೆಟ್ಟು ಬಿದ್ದು ಕಂದಿದಂತೆ ಕಾಣುತ್ತದೆ. ನ್ಯಾಪಿ ಬದಲಿಸುವಾಗ ಅದನ್ನು ಕಂಡರೆ ಪ್ರಶ್ನೆ ಕೇಳುವುದು ಅವರ ಕರ್ತವ್ಯ. ಮಗುವಿನ ರೆಡ್ ಬುಕ್‌ನಲ್ಲಿ ಅದು ದಾಖಲಾಗಿದೆಯೇ ನೋಡಿ, ಮೊದಲ ದಿನವೇ ನರ್ಸರಿಗೆ ತಿಳಿಸಿ. ಉಡುದಾರ, ಕಾಲ್ಗೆಜ್ಜೆ, ಬಳೆಗಳ ಬಗ್ಗೆಯೂ ಮೊದಲೇ ಕೇಳಿ. ಸಿಕ್ಕಿಕೊಳ್ಳುವ, ಬಾಯಿಗೆ ಹೋಗುವ ವಸ್ತುಗಳನ್ನು ಬಿಚ್ಚಲು ಹೇಳುವ ನರ್ಸರಿಗಳೇ ಹೆಚ್ಚು.

ಕರೆತರುವವರು: ಊರಿನಿಂದ ಅಜ್ಜಿ ತಾತ ಬಂದಿದ್ದಾರೆ, ಅವರೇ ಕರೆತರುತ್ತಾರೆ ಅಂದರೆ ಸಾಲದು. ಅವರ ಹೆಸರು, ಫೋಟೋ, ಪಾಸ್‌ವರ್ಡ್ ಮೊದಲೇ ಕೊಡಿ. ಇಲ್ಲದಿದ್ದರೆ ಮೊಮ್ಮಗು “ತಾತಾ” ಅಂತ ಓಡಿ ಬಂದರೂ ಬಾಗಿಲು ತೆರೆಯುವುದಿಲ್ಲ, ತೆರೆಯಲೂ ಬಾರದು. ಹಾಗೆಯೇ ಊರಿಗೆ ಹೋಗುವ ದಿನಾಂಕಗಳನ್ನು ಬರೆದು ತಿಳಿಸಿ. ಮಗು ಹೇಳದೆ ಹಲವು ದಿನ ಬರದಿದ್ದರೆ ವಿಚಾರಿಸಲೇಬೇಕೆಂದು ನಿಯಮವಿದೆ. ಫೋನ್ ನಂಬರ್ ಎರಡಕ್ಕಿಂತ ಹೆಚ್ಚು ಕೊಡಿ.

ಭಾಷೆ: ಎಲ್ಲಕ್ಕಿಂತ ಹೆಚ್ಚಾಗಿ ಖಾಲಿ ಉಳಿಯುವ ಸಾಲು ಇದು. ‘ಮನೆಯಲ್ಲಿ ಆಡುವ ಭಾಷೆ’ ಎಂಬಲ್ಲಿ, ಮಗು ಹಿಂದುಳಿದೀತೆಂಬ ಭಯಕ್ಕೆ, ಕೆಲವರು ‘ಇಂಗ್ಲಿಷ್’ ಎಂದು ಬರೆಯುವುದುಂಟು. ಹಾಗೆ ಮಾಡಬೇಡಿ. ಮಕ್ಕಳಿಗೆ ಒಳ್ಳೆಯ ಇಂಗ್ಲಿಷ್ ಬರುವಂತೆ ನೋಡಿಕೊಳ್ಳಿ ಎನ್ನುವ ಆ ಕಾನೂನೇ, ಮಗು ಮನೆಯ ಭಾಷೆಯನ್ನು ಆಟಪಾಠದಲ್ಲಿ ಬಳಸಲು, ಬೆಳೆಸಲು ನರ್ಸರಿ ತಕ್ಕ ಕ್ರಮ ಕೈಗೊಳ್ಳಬೇಕು ಅಂತಲೂ ಹೇಳುತ್ತದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದು ಅದು ಎಲ್ಲೂ ಹೇಳುವುದಿಲ್ಲ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಎರಡರಿಂದ ಮೂರು ವರ್ಷದೊಳಗೆ ಪ್ರತಿ ಮಗುವಿನ ಬೆಳವಣಿಗೆಯನ್ನೂ ಗಮನಿಸಿ ಪೋಷಕರಿಗೆ ಬರಹದಲ್ಲಿ ಕೊಡುತ್ತಾರೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ಕಾಲ ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಾ ಇರುವುದು ಸಹಜ. ಇಂಗ್ಲಿಷ್‌ನಲ್ಲಿ ಐದೇ ಪದ ಹೇಳುವ ಮಗು ಮನೆಯಲ್ಲಿ “ಅಪ್ಪ ಬಂದ, ಬೂಟು ಬಿಚ್ಚು” ಅನ್ನುತ್ತಿರಬಹುದು. ಅದನ್ನು ನೀವು ಹೇಳದಿದ್ದರೆ ಅವರ ಲೆಕ್ಕಕ್ಕೆ ಐದೇ ಪದ. ಇಂಗ್ಲಿಷ್ ಇನ್ನೂ ಗಟ್ಟಿಯಾಗದ ಮಗುವಿನ ಬಗ್ಗೆ ಚಿಂತೆ ಪಡುವ ಮೊದಲು ಮನೆಮಾತಿನಲ್ಲಿ ಅದು ಹೇಗಿದೆ ಎಂದು ಪೋಷಕರ ಜೊತೆ ವಿಚಾರಿಸಬೇಕು ಎನ್ನುವುದೂ ಚೌಕಟ್ಟಿನಲ್ಲೇ ಇದೆ. ಇನ್ನೊಂದು ಮಗ್ಗುಲೂ ಉಂಟು. ಕನ್ನಡದಲ್ಲೂ ಮಗು ಮಾತಾಡುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ ಅನ್ನಿಸಿದರೆ “ಎರಡು ಭಾಷೆಯಲ್ವಾ, ನಿಧಾನವಾಗಿ ಬರುತ್ತೆ” ಎಂದು ಸುಮ್ಮನಿರಬೇಡಿ. ಹೆಲ್ತ್ ವಿಸಿಟರ್ ಜೊತೆ ಮಾತಾಡಿ. ಕನ್ನಡದಲ್ಲಿ ಮಗು ಎಷ್ಟು ಆಡುತ್ತದೆ ಅನ್ನುವುದು ಗೊತ್ತಿದ್ದಾಗಲೇ ಈ ಎರಡರ ವ್ಯತ್ಯಾಸ ತಿಳಿಯುವುದು.

ಪ್ರತಿ ಮಗುವಿಗೂ ‘ಕೀ ಪರ್ಸನ್’ ಎಂದು ಒಬ್ಬರನ್ನು ಗೊತ್ತುಮಾಡಿರುತ್ತಾರೆ. ಅವರ ಹೆಸರು ತಿಳಿದುಕೊಳ್ಳಿ, ಮಗುವಿನ ಹೆಸರನ್ನು ಹೇಗೆ ಕರೆಯಬೇಕೆಂದು ಹೇಳಿಕೊಡಿ. ಸೆಟ್ಲಿಂಗ್-ಇನ್ ದಿನಗಳಲ್ಲಿ, ಮಗು ಆಟದಲ್ಲಿ ಮೈಮರೆತಾಗ ಕದ್ದು ಹೊರಗೆ ಬರಬೇಡಿ. ನಮ್ಮಲ್ಲಿ ಮನೆ ಬಿಡುವಾಗ ಯಾರೂ “ಹೋಗ್ತೀನಿ” ಅನ್ನುವುದಿಲ್ಲ, “ಹೋಗಿ ಬರ್ತೀನಿ” ಅನ್ನುತ್ತೇವೆ. ಮರಳಿ ಬರುವ ಮಾತು ಅದರಲ್ಲೇ ಇದೆ. ದಿನವೂ ಅದನ್ನೇ ಹೇಳಿ, ಹೇಳಿದ ಹೊತ್ತಿಗೆ ಹೋಗಿ. ಮಗು ಅತ್ತರೂ ಆ ಮಾತನ್ನು ನಂಬಲು ಕಲಿಯುತ್ತದೆ.

ಮಕ್ಕಳೇ, ಈಗ ನಿಮ್ಮ ಕೆಲಸ

ಮನೆಯಲ್ಲಿ ತಮ್ಮನೋ ತಂಗಿಯೋ ನರ್ಸರಿಗೆ ಹೋಗುತ್ತಿದ್ದರೆ ಈ ರಜೆಯಲ್ಲಿ ನೀವೊಂದು ಕಾರ್ಡ್ ಮಾಡಿ. ಈ ಹತ್ತು ಪದಗಳನ್ನು ಬರೆಯಿರಿ: ಹಾಲು, ನೀರು, ಮಮ್ಮು, ಬೇಕು, ಬೇಡ, ಸಾಕು, ನೋವು, ಸೂಸು, ಕಕ್ಕ, ತಾಚಿ. ನಿಮ್ಮ ಮನೆಯಲ್ಲಿ ಪುಟ್ಟ ಮಗು ಬೇರೆ ಪದ ಹೇಳಿದರೆ ಅದನ್ನೇ ಹಾಕಿ. ಪ್ರತಿ ಪದವನ್ನೂ ಕನ್ನಡ ಅಕ್ಷರದಲ್ಲಿ ಒಮ್ಮೆ, ಟೀಚರ್ ಓದುವಂತೆ ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಬರೆದು, ಪಕ್ಕದಲ್ಲಿ ಅರ್ಥ ಮತ್ತು ಚಿತ್ರ ಹಾಕಿ. ಅಪ್ಪ ಅಮ್ಮನ ಫೋನಿನಲ್ಲಿ ಹತ್ತೂ ಪದಗಳನ್ನು ನಿಮ್ಮದೇ ದನಿಯಲ್ಲಿ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ. ಎರಡನ್ನೂ ಕೀ ಪರ್ಸನ್‌ಗೆ ಕೊಡಿ. ತಮ್ಮ ತಂಗಿ ಇಲ್ಲದವರು ಪಕ್ಕದ ಮನೆಯ ಕನ್ನಡದ ಪಾಪುವಿಗಾಗಿ ಮಾಡಬಹುದು.

ಜನವರಿಯ ಮೊದಲ ತರಗತಿಗೆ ನಿಮ್ಮ ಕಾರ್ಡ್‌ಗಳನ್ನು ತನ್ನಿ, ಎಲ್ಲರೂ ಸೇರಿ ನೋಡೋಣ. ಎಲ್ಲರಿಗೂ ಹೊಸ ವರ್ಷದ ಮತ್ತು ಸಂಕ್ರಾಂತಿಯ ಶುಭಾಶಯಗಳು.