ಗುರೆಳ್ಳಿಗೆ 9,537 ರೂಪಾಯಿ: ದರ ಇದೆ, ಕೊಳ್ಳುವವರು ಎಲ್ಲಿ?

2024 ಮತ್ತು 2025ರಲ್ಲಿ ಕೇಂದ್ರ ಸರ್ಕಾರ ಮುಂಗಾರು ಬೆಳೆಗಳಿಗೆ ಬೆಂಬಲ ಬೆಲೆ ಪ್ರಕಟಿಸಿದಾಗ ಒಂದು ಸಾಲು ಎಲ್ಲ ಸುದ್ದಿಗಳಲ್ಲೂ ಬಂತು: ಅತಿ ಹೆಚ್ಚು ಏರಿಕೆ ಹುಚ್ಚೆಳ್ಳಿಗೆ. 2024-25ರ ಮುಂಗಾರಿಗೆ ಕ್ವಿಂಟಲ್‌ಗೆ 983 ರೂಪಾಯಿ ಏರಿಸಿದರು. 2025ರ ಮೇ 28ರಂದು ಮತ್ತೆ 820 ರೂಪಾಯಿ ಏರಿಸಿ 9,537ಕ್ಕೆ ತಂದು ನಿಲ್ಲಿಸಿದರು. ಆ ವರ್ಷದ ಮುಂಗಾರು ಬೆಳೆಗಳಲ್ಲಿ ಎಳ್ಳು ಬಿಟ್ಟರೆ ಇಷ್ಟು ದರ ಯಾವುದಕ್ಕೂ ಇರಲಿಲ್ಲ. ಅದೇ ಪಟ್ಟಿಯಲ್ಲಿ ಗೋವಿನಜೋಳಕ್ಕೆ ಸಿಕ್ಕಿದ್ದು 175 ರೂಪಾಯಿ ಏರಿಕೆ, ಒಟ್ಟು 2,400.

ಈ ಲೆಕ್ಕ ನೋಡಿದ ಯಾರಿಗಾದರೂ ಹಾವೇರಿ ಜಿಲ್ಲೆಯ ಹೊಲಗಳೆಲ್ಲ ಹಳದಿ ಹೂವಿನಿಂದ ತುಂಬಿರಬೇಕು ಅನ್ನಿಸಬೇಕು. ಆದರೆ ಹಾವೇರಿಯಿಂದ ರಾಣೆಬೆನ್ನೂರಿಗೆ, ಅಲ್ಲಿಂದ ಬ್ಯಾಡಗಿಗೆ ಮಳೆಗಾಲದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಣ್ಣು ಹಾಯಿಸಿದಷ್ಟು ದೂರ ಗೋವಿನಜೋಳ. ಹಳದಿ ಹೂವು ಎಲ್ಲೋ ಒಂದು ಬದುವಿನ ಮೇಲೆ, ಅದೂ ವಯಸ್ಸಾದವರು ಇನ್ನೂ ಉಳುಮೆ ನೋಡಿಕೊಳ್ಳುವ ಹೊಲದಲ್ಲಿ.

ಹಳೆ ಮೈಸೂರಿನವರು ಹುಚ್ಚೆಳ್ಳು ಅನ್ನೋದನ್ನೇ ನಮ್ಮ ಕಡೆ ಗುರೆಳ್ಳು ಅಂತಾರೆ. ಸೇವಂತಿಗೆ, ಸೂರ್ಯಕಾಂತಿ, ಕುಸುಬೆಗಳ ಕುಟುಂಬದ್ದು. ಮೂಲ ಇಥಿಯೋಪಿಯಾದ ಎತ್ತರದ ಬೆಟ್ಟಸೀಮೆ. ಅಲ್ಲಿ ಇದರ ಹೆಸರು ನೂಗ್. ಅಲ್ಲಿಯ ಗುಡ್ಡಗಳಲ್ಲಿ ತಾನಾಗಿಯೇ ಬೆಳೆದು ಹಳದಿ ಹೂ ಬಿಡುವ ಒಂದು ಕಾಡುಗಿಡವನ್ನೇ ರೈತರು ಸಾವಿರಾರು ವರ್ಷಗಳ ಹಿಂದೆ ಪಳಗಿಸಿ ಬೆಳೆ ಮಾಡಿಕೊಂಡರು. ರಾಗಿಯ ತವರು ಕೂಡ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ನಮ್ಮವರು ಗುರೆಳ್ಳನ್ನು ಅಕ್ಕಡಿ ಸಾಲಾಗಿ, ಹೊಲದ ಅಂಚಿಗೆ ಹಾಕಿದರು. ದನ ಬಾಯಿ ಹಾಕೋದಿಲ್ಲ, ಹಾಗಾಗಿ ಬೇಲಿಯೂ ಆಯ್ತು. ಮನೆಗೆ ಎಣ್ಣೆ, ಎಮ್ಮೆಗೆ ಹಿಂಡಿ, ರೊಟ್ಟಿಗೆ ಚಟ್ನಿ. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಗುರೆಳ್ಳು ಚಟ್ನಿ ಇಲ್ಲದ ಬುತ್ತಿ ನಮ್ಮ ಕಡೆ ಯಾರೂ ಕಟ್ಟೋದಿಲ್ಲ. ಈಗ ಅದಕ್ಕೂ ಕಾಳನ್ನು ಕಿರಾಣಿ ಅಂಗಡಿಯಿಂದಲೇ ತರುವ ರೈತರ ಮನೆಗಳು ಎಷ್ಟೋ ಇವೆ.

ಹಾಗಾದರೆ ಇಷ್ಟು ದೊಡ್ಡ ಬೆಂಬಲ ಬೆಲೆಯ ಅರ್ಥವೇನು?

ಬೆಂಬಲ ಬೆಲೆ ಲೆಕ್ಕ ಹಾಕೋದು ಕ್ವಿಂಟಲ್ ಲೆಕ್ಕದಲ್ಲಿ. ರೈತನ ಕೈಯಿಂದ ಆದ ಖರ್ಚು, ಮನೆಯವರ ದುಡಿಮೆಯ ಕೂಲಿ ಸೇರಿಸಿ ಅದರ ಒಂದೂವರೆ ಪಟ್ಟು. 2025-26ಕ್ಕೆ ಗುರೆಳ್ಳಿನ ಖರ್ಚು ಕ್ವಿಂಟಲ್‌ಗೆ 6,358 ರೂಪಾಯಿ ಅಂತ ಸರ್ಕಾರವೇ ಹೇಳಿದೆ. ಅದರ ಒಂದೂವರೆ ಪಟ್ಟು ಸರಿಯಾಗಿ 9,537. ಗುರೆಳ್ಳಿಗೆ ಅಂಥಾ ಖರ್ಚೇನಿದೆ? ಗೊಬ್ಬರ ಹೆಚ್ಚು ಬೇಡ, ನೀರಾವರಿ ಬೇಡ, ತೆಳು ಮಣ್ಣಲ್ಲೂ ಬರುತ್ತೆ. ಖರ್ಚು ದೊಡ್ಡದಾಗಿ ಕಾಣೋದು ಇಳುವರಿ ಕಡಿಮೆ ಇರುವುದರಿಂದ. ಎಕರೆಗೆ ಬರುವುದು ಒಂದು, ಒಂದೂವರೆ ಕ್ವಿಂಟಲ್. ಎಕರೆಯ ಖರ್ಚನ್ನು ಅಷ್ಟೇ ಕಾಳಿಗೆ ಹಂಚಿದರೆ ಕ್ವಿಂಟಲ್ ಖರ್ಚು ಮೇಲೇರಲೇಬೇಕು. ಅಂದರೆ ಆ ಎರಡು ವರ್ಷಗಳ 'ಅತಿ ಹೆಚ್ಚು ಏರಿಕೆ' ಸರ್ಕಾರದ ಔದಾರ್ಯಕ್ಕಿಂತ ಹೆಚ್ಚಾಗಿ ಆ ಬೆಳೆಯ ಇಳುವರಿ ನಿಂತಲ್ಲೇ ನಿಂತಿರುವುದನ್ನು ಹೇಳುತ್ತಿದೆ. ಪತ್ರಿಕಾ ಪ್ರಕಟಣೆಯಲ್ಲಿ ಮಾತ್ರ ಅದು ಕೊಡುಗೆಯಾಗಿ ಕಾಣುತ್ತೆ.

ಗೋವಿನಜೋಳಕ್ಕೆ ಬನ್ನಿ. 2025-26ಕ್ಕೆ ಕ್ವಿಂಟಲ್ ಖರ್ಚು 1,508, ಬೆಂಬಲ ಬೆಲೆ 2,400. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ರೈತರು ರಸ್ತೆಗಿಳಿದರು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಎಕರೆಗೆ 18 ಕ್ವಿಂಟಲ್ ಬಂತು, 1,700ಕ್ಕೆ ಮಾರಿದ ಅಂತ ಇಟ್ಟುಕೊಳ್ಳಿ. ಸರ್ಕಾರದ್ದೇ ಖರ್ಚಿನ ಲೆಕ್ಕ ಹಿಡಿದರೆ ಉಳಿಯೋದು 3,456 ರೂಪಾಯಿ. ಒಂದೂವರೆ ಕ್ವಿಂಟಲ್ ಗುರೆಳ್ಳನ್ನು ಬೆಂಬಲ ಬೆಲೆಗೆ ಮಾರಿದರೆ ಸುಮಾರು 4,770! ದರ ಬಿದ್ದ ವರ್ಷ ಈ ಬಡಪಾಯಿ ಬೆಳೆಯೇ ಮುಂದಿದೆ. ಆದರೆ ಗೋವಿನಜೋಳಕ್ಕೆ ಪೂರ್ತಿ 2,400 ಸಿಕ್ಕಿದ್ದರೆ ಉಳಿತಾಯ 16,000 ದಾಟುತ್ತಿತ್ತು. ರೈತ ಗೋವಿನಜೋಳ ಬಿತ್ತುವುದು ಆ 16,000ದ ಆಸೆಗೆ. ಅದಕ್ಕಿಂತ ಹೆಚ್ಚಾಗಿ, ಟ್ರ್ಯಾಕ್ಟರ್ ತುಂಬಿಕೊಂಡು ಹೋದ ದಿನವೇ ಯಾವುದೋ ಒಂದು ದರಕ್ಕೆ ಯಾರೋ ಒಬ್ಬರು ತೂಗಿಸಿಕೊಳ್ಳುತ್ತಾರೆ ಎಂಬ ಭರವಸೆಗೆ. ಗುರೆಳ್ಳಿನ 9,537ಕ್ಕೆ ಆ ಭರವಸೆ ಇಲ್ಲ.

ಯಾಕೆಂದರೆ ಬೆಂಬಲ ಬೆಲೆ ತಾನಾಗಿ ಬರೋದಿಲ್ಲ. ಖರೀದಿ ಕೇಂದ್ರ ತೆರೆಯಬೇಕು, ಫ್ರೂಟ್ಸ್ ಐಡಿ ಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಬೆಳೆ ದಾಖಲಾಗಿರಬೇಕು. ಬದುವಿನ ಮೇಲಿನ ಎರಡು ಸಾಲು ಯಾವ ದಾಖಲೆಯಲ್ಲಿ ಹಿಡಿಸುತ್ತೆ? ಹತ್ತು ಕಿಲೋ ಕಾಳು ಹೊತ್ತುಕೊಂಡು ಯಾವ ರೈತ ಸರತಿಯಲ್ಲಿ ನಿಲ್ಲುತ್ತಾನೆ?

ಇದೇ ಜಿಲ್ಲೆಯಲ್ಲಿ ಇದರ ಇನ್ನೊಂದು ಮುಖ ಬ್ಯಾಡಗಿ. ಮೆಣಸಿನಕಾಯಿಗೆ ಬೆಂಬಲ ಬೆಲೆಯೇ ಇಲ್ಲ, ಆದರೆ ದೇಶವೇ ಬಲ್ಲ ಮಾರುಕಟ್ಟೆ ಇದೆ, 2011ರಲ್ಲಿ ಸಿಕ್ಕ ಜಿಐ ಮಾನ್ಯತೆ ಇದೆ. ಆದರೂ 2024ರ ಮಾರ್ಚ್ 11ರಂದು ದರ ದಿಢೀರ್ ಕುಸಿದಾಗ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಮಾರುಕಟ್ಟೆ ಒಂದೇ ಇದ್ದರೆ ಸಾಲದು ಅಂತ ಬ್ಯಾಡಗಿ ತೋರಿಸಿತು. ಬೆಂಬಲ ಬೆಲೆ ಒಂದೇ ಇದ್ದರೆ ಏನೂ ಆಗೋದಿಲ್ಲ ಅನ್ನೋದಕ್ಕೆ ಗುರೆಳ್ಳು ಸಾಕ್ಷಿ. ಗುರೆಳ್ಳಿಗಾಗಿ ಯಾರೂ ಯಾವ ಕಚೇರಿಗೂ ನುಗ್ಗೋದಿಲ್ಲ. ಹಾಗಾಗಿಯೇ ಅದಕ್ಕೆ ಎಷ್ಟು ಬೇಕಾದರೂ ದರ ಘೋಷಿಸಬಹುದು, ಖಜಾನೆಗೆ ಹೊರೆಯಿಲ್ಲ.

ದುಡ್ಡು ಹಾಕುವ ಜಾಗದಲ್ಲಿ ಸರ್ಕಾರದ ಮನಸ್ಸು ಗೊತ್ತಾಗುತ್ತೆ. 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ ಎಣ್ಣೆಕಾಳು ಮಿಷನ್‌ಗೆ 10,103 ಕೋಟಿ ರೂಪಾಯಿ. ಪ್ರಮುಖ ಬೆಳೆಗಳೆಂದು ಅದು ಹೆಸರಿಸಿದ್ದು ಸಾಸಿವೆ, ಶೇಂಗಾ, ಸೋಯಾಬೀನ್, ಸೂರ್ಯಕಾಂತಿ, ಎಳ್ಳು. ಆ ವರ್ಷ ಬೆಲೆ ಏರಿಕೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಗುರೆಳ್ಳಿನ ಹೆಸರು ಅಲ್ಲಿಲ್ಲ. ಅತ್ತ ಅಮೆರಿಕದ ಜನ ತಮ್ಮ ಹಿತ್ತಲಿಗೆ ಬರುವ ಹಳದಿ ಹಕ್ಕಿಗಳಿಗೆ ಹಾಕಲು ಇದೇ ಕಾಳನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದರಲ್ಲಿ ಸೇರಿಕೊಂಡಿರಬಹುದಾದ ಕಳೆಬೀಜ ಮೊಳೆಯದಂತೆ ಬಿಸಿ ಮಾಡಿ ಒಳಗೆ ಬಿಟ್ಟುಕೊಳ್ಳುತ್ತಾರೆ.

ಹೋದರೆ ಒಂದು ಬದುವಿನ ಬೆಳೆ ಹೋಯ್ತು ಅನ್ನಬಹುದು. ನನಗೆ ಹಾಗನ್ನಿಸೋದಿಲ್ಲ. ಗುರೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟೋದಿಲ್ಲ, ಜೇನ್ನೊಣ ಬರಲೇಬೇಕು. ಗೋವಿನಜೋಳದ ಪರಾಗ ಗಾಳಿಯಲ್ಲಿ ಹೋಗುತ್ತೆ, ಅದರಲ್ಲಿ ಮಕರಂದವೂ ಇಲ್ಲ. ಹೊಲಕ್ಕೆ ಹೊಡೆಯುವ ಅಟ್ರಾಜಿನ್ ಅಗಲ ಎಲೆಯ ಗಿಡಗಳನ್ನು ಕೊಲ್ಲಲೆಂದೇ ಇರುವುದು, ಪಕ್ಕದ ಗುರೆಳ್ಳನ್ನು ಬಿಡುತ್ತದೆಯೇ? ಹೂವಿಲ್ಲದ ಹೊಲದಲ್ಲಿ ಜೇನಿಗೇನು ಕೆಲಸ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜಕ್ಕಾಗಿ ಹೆಣ್ಣುಮಕ್ಕಳು ಕೂಲಿಗೆ ಹೋಗಿ ಮೊಗ್ಗು ಬಿಡಿಸಿ, ಕೈಯಿಂದ ಪರಾಗ ಹಚ್ಚುತ್ತಾರೆ. ಆ ಬೀಜಕ್ಕೆ ಅದು ಬೇಕು, ತಪ್ಪಿಲ್ಲ. ಆದರೆ ಉಳಿದ ಬಳ್ಳಿ, ತರಕಾರಿಗೆಲ್ಲ ಕೂಲಿ ಕೊಟ್ಟು ಪರಾಗ ಹಚ್ಚಿಸಲು ಆಗುತ್ತದೆಯೇ?

ದಾರಿ ಇಲ್ಲವೆಂದೇನಲ್ಲ. ಸಾವೆ, ನವಣೆಯಂಥ ಸಿರಿಧಾನ್ಯಕ್ಕೆ ರಾಜ್ಯ ಸರ್ಕಾರ 'ರೈತ ಸಿರಿ' ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಕ್ವಿಂಟಲ್ ಲೆಕ್ಕ ಬಿಟ್ಟು ಹೊಲದ ಲೆಕ್ಕಕ್ಕೆ ಬಂದದ್ದೇ ಅದರ ಜಾಣತನ. ಇಳುವರಿ ಕಡಿಮೆಯ ಬೆಳೆಗೆ ಹೊಂದುವುದು ಆ ದಾರಿಯೇ. ಗುರೆಳ್ಳಿಗೆ ಅದನ್ನು ವಿಸ್ತರಿಸಿ, ಅಕ್ಕಡಿ ಸಾಲನ್ನೂ ಲೆಕ್ಕಕ್ಕೆ ಹಿಡಿಯಲಿ. ಕಾಳನ್ನು ಸ್ತ್ರೀಶಕ್ತಿ ಸಂಘಗಳು ಊರಲ್ಲೇ ಕೊಂಡು ಚಟ್ನಿಪುಡಿ ಮಾಡಿ ಹಾಸ್ಟೆಲ್‌ಗಳಿಗೆ ಕೊಟ್ಟರೆ ಖರೀದಿ ಕೇಂದ್ರವೇ ಬೇಡ. ಹತ್ತು ಕಿಲೋ ತಂದವನಿಂದಲೂ ಕೊಳ್ಳಬಹುದು. ಇದಕ್ಕೆ ದಿಲ್ಲಿಯ ಅಪ್ಪಣೆಯೂ ಬೇಕಿಲ್ಲ. ಬಿತ್ತನೆಗೆ ಆಗಸ್ಟ್‌ವರೆಗೆ ಸಮಯವಿದೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಗೋವಿನಜೋಳದ ಚೀಲಗಳ ಪಕ್ಕ ಎರಡೆರಡು ಕಿಲೋದ ಗುರೆಳ್ಳು ಬೀಜದ ಪೊಟ್ಟಣ ಇಡೋದು ಎಷ್ಟು ಹೊತ್ತಿನ ಕೆಲಸ?