ಮೊದಲ ಮಗ್ಗ: ಹೊಸದೋ, ಹಳೆಯದೋ?

ರಬಕವಿ–ಬನಹಟ್ಟಿಯಲ್ಲಿ ಹತ್ತಾರು ವರ್ಷ ಬೇರೊಬ್ಬರ ಮಗ್ಗದ ಮೇಲೆ ಮಜೂರಿಗೆ ನೇಯ್ದ ನೇಕಾರನು ಒಂದಲ್ಲ ಒಂದು ದಿನ ಸ್ವಂತ ಮಗ್ಗ ಹಾಕಬೇಕೆಂದು ಬಯಸುವುದು ಸಹಜ. ಆತನ ಬಂಡವಾಳವೆಂದರೆ ಅಲ್ಪ ಉಳಿತಾಯ, ಮನೆಯವರ ಮೈಮೇಲಿನ ಬಂಗಾರ ಮತ್ತು ಸಹಕಾರಿ ಬ್ಯಾಂಕು ಕೊಡಬಹುದಾದ ಸಾಲ. ಈ ಹಣ ಒಮ್ಮೆ ಕೈ ಬಿಟ್ಟರೆ ಮತ್ತೆ ಕೂಡಿಬರಲು ಇನ್ನೊಂದು ಹತ್ತು ವರ್ಷ ಬೇಕು. ಆದುದರಿಂದ ಮೊದಲ ಮಗ್ಗ ಹೊಸದಿರಬೇಕೋ ಹಳೆಯದಿರಬೇಕೋ ಎಂಬುದು ಕೇವಲ ಬೆಲೆಯ ಪ್ರಶ್ನೆಯಲ್ಲ, ಒಂದು ಸಂಸಾರದ ಪ್ರಶ್ನೆ.

ನಮ್ಮಲ್ಲಿ ಎರಡು ಬಗೆಯ ಸಲಹೆಗಾರರಿದ್ದಾರೆ. "ಹಳೆಯದು ಗುಜರಿ, ಹೊಸದನ್ನೇ ಕೊಳ್ಳಿರಿ" ಎಂಬವರು ಒಂದು ಕಡೆ. "ವಿದೇಶದಿಂದ ಬಂದ ಹಳೆಯ ರೇಪಿಯರ್ ಮಗ್ಗ ಅರ್ಧ ಬೆಲೆಗೆ ಸಿಗುತ್ತದೆ, ಎರಡು ಪಟ್ಟು ಬಟ್ಟೆ ಬರುತ್ತದೆ" ಎಂಬವರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಇವೆರಡಕ್ಕೂ ಬೇರೆ. ಮೊದಲ ಸಲ ಕೊಳ್ಳುವವನಿಗೆ, ಊರಿನಲ್ಲಿಯೇ ಓಡುತ್ತಿರುವ, ಊರಿನ ಜಾಬರನೇ ರಿಪೇರಿ ಮಾಡಬಲ್ಲ ಹಳೆಯ ಸಾದಾ ಮಗ್ಗವೇ ಉತ್ತಮ.

ಕಾರಣವನ್ನು ಲೆಕ್ಕದಿಂದಲೇ ತಿಳಿಯೋಣ. ಉದಾಹರಣೆಗೆ, ಸಾದಾ ಮಗ್ಗವೊಂದು ನಿಮಿಷಕ್ಕೆ 120 ಹೊಕ್ಕು ಹಾಕುತ್ತದೆಂದು ಇಟ್ಟುಕೊಳ್ಳಿರಿ. ದಿನಕ್ಕೆ 12 ತಾಸು, ನೂಲು ಹರಿಯುವುದು, ಕಂಡಿಕೆ ಬದಲಿಸುವುದು ಇತ್ಯಾದಿ ಕಳೆದು ಶೇ. 70ರಷ್ಟು ಓಡಿದರೂ 60,480 ಹೊಕ್ಕು. ರೇಪಿಯರ್ ಮಗ್ಗ ನಿಮಿಷಕ್ಕೆ 240 ಹೊಕ್ಕು ಹಾಕಿ ಶೇ. 85ರಷ್ಟು ಓಡಿದರೆ 1,46,880 ಹೊಕ್ಕು. ಎರಡೂವರೆ ಪಟ್ಟಿಗೆ ಸಮೀಪ! ಆದರೆ ಇದು ಯಂತ್ರ ಓಡಿದ ದಿನದ ಲೆಕ್ಕ ಮಾತ್ರ. ಎಲೆಕ್ಟ್ರಾನಿಕ್ ಕಾರ್ಡೊಂದು ಕೆಟ್ಟು, ಬಿಡಿಭಾಗ ಸೂರತ್ತಿನಿಂದಲೂ ಮೆಕ್ಯಾನಿಕ್ ಇಚಲಕರಂಜಿಯಿಂದಲೂ ಬರಬೇಕಾಗಿ, 25 ಕೆಲಸದ ದಿನಗಳಲ್ಲಿ 15 ದಿನ ಯಂತ್ರ ನಿಂತಿತೆನ್ನಿರಿ. ಆಗ ಆ ತಿಂಗಳ ಉತ್ಪನ್ನ 14,68,800 ಹೊಕ್ಕು. ಸಾದಾ ಮಗ್ಗ 25 ದಿನವೂ ಓಡಿದರೆ 15,12,000. ನಿಂತ ಯಂತ್ರ ಬಟ್ಟೆ ಕೊಡುವುದಿಲ್ಲ. ಸಾಲದ ಕಂತು ಮಾತ್ರ ಆ 15 ದಿನವೂ ಬೆಳೆಯುತ್ತಲೇ ಇರುತ್ತದೆ. ಹತ್ತು ಮಗ್ಗವಿದ್ದವನು ಒಂದು ನಿಂತರೆ ತಾಳಿಕೊಂಡಾನು. ಒಂದೇ ಮಗ್ಗದವನು ತಾಳಲಾರ.

ವಿದ್ಯುತ್ತಿನ ವಿಷಯವೂ ಇದೆ. 2023–24ನೇ ಸಾಲಿನ ಆಯವ್ಯಯದಲ್ಲಿ ರಾಜ್ಯ ಸರಕಾರವು 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಿಸಿತು. ಸಾದಾ ಮಗ್ಗಕ್ಕೆ ಸಾಮಾನ್ಯವಾಗಿ ಒಂದು ಅಶ್ವಶಕ್ತಿ ಅಥವಾ ಅದಕ್ಕೂ ಕಡಿಮೆಯ ಮೋಟಾರು ಸಾಕು. ರೇಪಿಯರ್‌ಗೆ ಅದಕ್ಕಿಂತ ಬಹಳ ದೊಡ್ಡದು ಬೇಕು. ಮಗ್ಗ ಕೊಳ್ಳುವ ಮುನ್ನ ತನ್ನ ಒಟ್ಟು ಭಾರ ಎಲ್ಲಿಗೆ ತಲುಪುತ್ತದೆಂದು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಹೊಸ ಮಗ್ಗದ ಪರವಾಗಿಯೂ ನ್ಯಾಯವಾದ ಮಾತುಗಳಿವೆ. ಅದಕ್ಕೆ ಗ್ಯಾರಂಟಿ ಇರುತ್ತದೆ, ಬ್ಯಾಂಕು ಸುಲಭವಾಗಿ ಸಾಲ ಕೊಡುತ್ತದೆ, ಬಿಲ್ಲಿನ ಮೇಲಿನ ಜಿ.ಎಸ್.ಟಿ.ಯನ್ನು ನೋಂದಾಯಿತ ಉದ್ದಿಮೆದಾರನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಮಜೂರಿಗೆ ನೇಯುವ ನಮ್ಮ ಹೊಸ ಮಾಲೀಕನಿಗೆ ಸಾಮಾನ್ಯವಾಗಿ ನೋಂದಣಿಯೇ ಇರುವುದಿಲ್ಲ. ಅವನಿಗೆ ಆ ತೆರಿಗೆ ಪೂರ್ತಿ ಖರ್ಚೇ ಸರಿ. ಸಹಾಯಧನವನ್ನು ನೆಚ್ಚುವವರಿಗೂ ಒಂದು ಮಾತು: 1999ರಲ್ಲಿ ಪ್ರಾರಂಭವಾದ ಕೇಂದ್ರದ 'ಟಫ್' ಯೋಜನೆಯು ಹಲವು ರೂಪಗಳನ್ನು ತಾಳಿ 2022ರ ಮಾರ್ಚ್ 31ಕ್ಕೆ ಮುಗಿದಿದೆ. ಆ ಹೆಸರು ಹೇಳಿ ಯಂತ್ರ ಮಾರುವವರ ಮಾತಿಗೆ ಮರುಳಾಗಬಾರದು. ಬೇರೆ ಯೋಜನೆಗಳಿದ್ದರೆ ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ ಕೇಳಿ, ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ನಿಂತ ಮಗ್ಗವನ್ನು ನೋಡಿ ಬೆಲೆ ಕಟ್ಟಬಾರದು. ಹಾಸು ಏರಿಸಿ ಕನಿಷ್ಠ ಒಂದು ತಾಸು ಓಡಿಸಿ ನೋಡಬೇಕು. ಲಾಳಿ ಪೆಟ್ಟಿಗೆಗೆ ಬಡಿಯುವ ಸದ್ದು ಒಂದೇ ಸಮ ಇರಬೇಕು. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ತೆಳು–ದಪ್ಪ ಪಟ್ಟೆಗಳು ಕಂಡರೆ ಬಟ್ಟೆ ಸುತ್ತುವ ಭಾಗದ ಹಲ್ಲುಚಕ್ರಗಳು ಸವೆದಿರಬಹುದು. ಯಂತ್ರ ನಿಲ್ಲಿಸಿ ಕ್ರ್ಯಾಂಕ್ ಶಾಫ್ಟನ್ನು ಕೈಯಿಂದ ಅಲುಗಿಸಿದರೆ ಬೇರಿಂಗಿನ ಸಡಿಲು ತಿಳಿಯುತ್ತದೆ. ಬೀಡಿನ ಚೌಕಟ್ಟಿನ ಮೇಲೆ ಬಣ್ಣದ ಅಡಿಯಲ್ಲಿ ವೆಲ್ಡಿಂಗ್ ಗುರುತಿದ್ದರೆ ಆ ಮಗ್ಗ ಬೇಡ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ಪ್ರವಾಹ ಕಂಡ ನಾಡು ನಮ್ಮದು. ಮಗ್ಗ ನೀರಿನಲ್ಲಿ ನಿಂತದ್ದೇ ಎಂದು ನೇರವಾಗಿ ಕೇಳಿರಿ. ಅದು ನೇಯಬಲ್ಲ ಅಗಲ ನಿಮ್ಮ ಸೀರೆಗೆ ಸಾಕೇ ಎಂಬುದನ್ನೂ ಅಳೆದು ನೋಡಿರಿ. ಕೊನೆಯದಾಗಿ ಮಗ್ಗದ ಮೇಲೆ ಬ್ಯಾಂಕಿನ ಸಾಲವಿಲ್ಲವೆಂಬ ಪತ್ರ. ನನ್ನ ಪರಿಚಯದ ನೇಕಾರರೊಬ್ಬರು ಇದೊಂದನ್ನು ಕೇಳದೆ ಮಗ್ಗ ತಂದರು. ಆರು ತಿಂಗಳಲ್ಲಿ ಮಾರಿದವನ ಬಾಕಿಗಾಗಿ ವಸೂಲಿಯವರು ಇವರ ಬಾಗಿಲಿಗೆ ಬಂದರು. ಹಣವೂ ಹೋಯಿತು, ಮಗ್ಗವೂ ಹೋಯಿತು. ಈಗ ಅವರು ಮತ್ತೆ ಮಜೂರಿಗೆ ನೇಯುತ್ತಿದ್ದಾರೆ.

ಈ ಎಲ್ಲವನ್ನೂ ಮೊದಲ ಸಲ ಕೊಳ್ಳುವವನು ಒಬ್ಬನೇ ನೋಡಲಾರ. ಆದುದರಿಂದ ನಮ್ಮ ಸಂಸ್ಥೆಯು ಅನುಭವಿಗಳಾದ ಇಬ್ಬರು ಜಾಬರರನ್ನು ಗೊತ್ತುಪಡಿಸಿ, ಅಲ್ಪ ಶುಲ್ಕಕ್ಕೆ ಹಳೆಯ ಮಗ್ಗಗಳನ್ನು ಪರೀಕ್ಷಿಸಿ ಲಿಖಿತ ವರದಿ ಕೊಡುವ ಏರ್ಪಾಡು ಮಾಡಬೇಕೆಂದು ವಿನಂತಿಸುತ್ತೇನೆ. ಕೊಳ್ಳುವವನಿಗೆ ಇದರಿಂದ ಧೈರ್ಯ, ಪ್ರಾಮಾಣಿಕವಾಗಿ ಮಾರುವವನಿಗೆ ಸರಿಯಾದ ಬೆಲೆ, ಸಾಲ ಕೊಡುವ ಬ್ಯಾಂಕಿಗೆ ಆಧಾರ ದೊರೆಯುತ್ತವೆ. ಜಮಖಂಡಿ, ಮುಧೋಳ ಭಾಗದಲ್ಲಿ ಬೆಲ್ಲದ ಗಾಣ ಕೊಳ್ಳುವವರಿಗೂ ಬೀಳಗಿಯಲ್ಲಿ ಹಿಟ್ಟಿನ ಗಿರಣಿ ಹಾಕುವವರಿಗೂ ಇಂಥದೇ ನೆರವು ಬೇಕಾಗಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹಳೆಯ ಸಾದಾ ಮಗ್ಗವೊಂದು ತನ್ನ ಸಾಲವನ್ನು ತಾನೇ ತೀರಿಸಿ, ಕೈಯಲ್ಲಿ ಖಾಯಂ ಗಿರಾಕಿ ನಿಂತ ಮೇಲೆ ರೇಪಿಯರ್ ಮಗ್ಗದ ಮಾತನ್ನು ಅವಶ್ಯವಾಗಿ ಆಡೋಣ. ಅದು ಎರಡನೆಯ ಮಗ್ಗವಾಗಲಿ, ಮೊದಲನೆಯದಾಗುವುದು ಬೇಡ.